ಮರಿಯ ಬಾಯಿಯೇ ಅದರ ಕೈ: ಕಚ್ಚುವ ನಾಯಿಮರಿಗೆ ಹೊಡೆಯದೆ ಕಲಿಸುವುದು ಹೇಗೆ

ಬಾಗಲಕೋಟೆ ನವನಗರದ ನಮ್ಮ ಮನೆಗೆ ಮೋತಿ ಬಂದ ಮೊದಲ ವಾರ ನಮ್ಮೆಲ್ಲರ ಕೈಕಾಲು ಜಾಲಿ ಕಂಟಿಯೊಳಗೆ ಹೊಕ್ಕು ಬಂದ ಹಾಗಿದ್ದವು. ಮಗನ ಮೊಣಕೈ ಮೇಲೆ ಗೀರು, ನನ್ನ ಹೆಬ್ಬೆರಳಿಗೆ ಪಟ್ಟಿ, ಅವ್ವನ ಇಳಕಲ್ ಸೀರೆಯ ಸೆರಗಿಗೆ ಎರಡು ತೂತು. ಮೋತಿ ಮುಧೋಳ ತಳಿಯ ಹೆಣ್ಣು ಮರಿ. ಅಂಗೈಯಷ್ಟು ಮುಖ, ಅದರಲ್ಲಿ ಸೂಜಿಯಂಥ ಹಲ್ಲುಗಳು.

"ಇದು ಕಡಿಯೂ ಕುನ್ನಿ ಐತಿ, ವಾಪಸ್ ಕೊಟ್ ಬಾ" ಅಂದಳು ಅವ್ವ.

ಕೊಡಲಿಲ್ಲ. ಈಗ ಮೋತಿಗೆ ಏಳು ತಿಂಗಳು. ಅದೇ ಅವ್ವನ ಬೆರಳ ತುದಿಯಿಂದ ರೊಟ್ಟಿಯ ಚೂರು ತೆಗೆದುಕೊಳ್ಳುತ್ತದೆ, ಹಲ್ಲು ತಾಗುವುದೇ ಇಲ್ಲ. ಈ ನಡುವೆ ನಾವು ಏನೇನು ಮಾಡಿದೆವು, ಎಲ್ಲಿ ತಪ್ಪಿದೆವು, ಯಾವುದರಿಂದ ಫಲ ಸಿಕ್ಕಿತು ಅನ್ನೋದನ್ನು ಹಂತ ಹಂತವಾಗಿ ಬರೆಯುತ್ತೇನೆ. ನಿಮ್ಮ ಮನೆಯಲ್ಲಿರುವುದು ಬೀದಿಯಿಂದ ತಂದ ಮರಿ ಆದರೂ ಕಲಿಸುವ ರೀತಿ ಇದೇ.

ಮೊದಲು, ಯಾಕೆ ಕಚ್ಚುತ್ತದೆ ಅಂತ ತಿಳಿದುಕೊಳ್ಳಿ

ನಮ್ಮ ಕೂಸುಗಳು ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು, ಹಿಚುಕಿ, ಎಳೆದು ನೋಡುತ್ತವೆ. ನಾಯಿಮರಿಗೆ ಕೈ ಇಲ್ಲ. ಬಾಯಿಯೇ ಅದರ ಕೈ. ಚಪ್ಪಲಿ ಏನು, ಕಸಬರಿಗೆ ಏನು, ನಿಮ್ಮ ಕಾಲಿನ ಹೆಬ್ಬೆರಳು ಏನು, ಎಲ್ಲವನ್ನೂ ಅದು ಹಲ್ಲಿನಿಂದಲೇ ಮುಟ್ಟಿ ನೋಡಬೇಕು. ಸಿಟ್ಟಿನಿಂದ ಕಚ್ಚುವ ಮರಿಗಳು ತೀರಾ ಕಡಿಮೆ.

ಇದರ ಜೊತೆಗೆ ಹಲ್ಲಿನ ಕಾಟ ಬೇರೆ. ಮರಿಗೆ ಸುಮಾರು 3 ವಾರ ಆದಾಗ ಹಾಲುಹಲ್ಲು ಮೂಡಲು ಶುರುವಾಗುತ್ತದೆ. ಒಟ್ಟು 28 ಹಲ್ಲು. ಮೂರೂವರೆ, ನಾಲ್ಕು ತಿಂಗಳ ಹೊತ್ತಿಗೆ ಅವು ಬೀಳತೊಡಗುತ್ತವೆ. 6ರಿಂದ 7 ತಿಂಗಳ ಹೊತ್ತಿಗೆ 42 ಗಟ್ಟಿ ಹಲ್ಲು ಬಂದಿರುತ್ತವೆ. ಈ ನಡುವೆ ವಸಡು ನವೆಯುತ್ತದೆ, ಬಾಯುತ್ತದೆ. ಏನಾದರೂ ಅಗಿದರೆ ಅದಕ್ಕೆ ಹಾಯೆನಿಸುತ್ತದೆ. ಮೋತಿಗೆ ನಾಲ್ಕು ತಿಂಗಳು ತುಂಬಿದಾಗ ಒಂದು ಬೆಳಿಗ್ಗೆ ಅದರ ಕೌದಿ ಜಾಡಿಸುತ್ತಿದ್ದೆ. ಅಕ್ಕಿ ಕಾಳಿನಂಥದ್ದೊಂದು ನೆಲಕ್ಕೆ ಬಿತ್ತು. ಎತ್ತಿ ನೋಡಿದರೆ ಹಲ್ಲು. ಬುಡದಲ್ಲಿ ಒಂದು ಚುಕ್ಕೆ ರಕ್ತ ಒಣಗಿತ್ತು. ಹಿಂದಿನ ಎರಡು ದಿನ ಅದು ಬಾಗಿಲ ಚೌಕಟ್ಟು ಕಡಿದಿದ್ದಕ್ಕೆ ನಾನು ಗದರಿಸಿದ್ದೆ. ಆ ಹಲ್ಲು ನೋಡಿದ ಮೇಲೆ ಗದರಿಸಲು ಬಾಯಿ ಬರಲಿಲ್ಲ.

ಇನ್ನೊಂದು ಕಾರಣ ಇದೆ, ಅದು ಮರಿಯದ್ದಲ್ಲ, ನಮ್ಮದು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನೋದನ್ನು ಮರಿಗೆ ಮೊದಲು ಕಲಿಸುವುದು ಅದರ ಒಡಹುಟ್ಟಿದ ಮರಿಗಳು. ಆಡುವಾಗ ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಅಂತ ಕಿರುಚಿ ಆಟ ಬಿಟ್ಟು ಹೋಗುತ್ತದೆ. ಮೊಲೆ ಕಚ್ಚಿದರೆ ತಾಯಿ ಎದ್ದು ನಡೆಯುತ್ತಾಳೆ. ಜೋರಾಗಿ ಕಚ್ಚಿದರೆ ಆಟವೂ ಇಲ್ಲ, ಹಾಲೂ ಇಲ್ಲ. ಈ ಪಾಠಕ್ಕೆ ಕಡಿಮೆ ಅಂದರೂ 8 ವಾರ ಬೇಕು. ನಾನು ಮೋತಿಯನ್ನು ತಂದಾಗ ಅದಕ್ಕೆ 5 ವಾರ. "ರೊಟ್ಟಿ ತಿಂತೈತ್ರಿ, ಏನೂ ಆಗೂದಿಲ್ಲ, ಒಯ್ರಿ" ಅಂದರು ಕೊಟ್ಟವರು. ನಾನೂ ವಿಚಾರ ಮಾಡದೆ ತಂದೆ. ಆ ಮೂರು ವಾರದ ಪಾಠವನ್ನು ಆಮೇಲೆ ನಮ್ಮ ಕೈಯ ಮೇಲೆಯೇ ಕಲಿಸಬೇಕಾಯಿತು. 2017ರಲ್ಲಿ ಬಂದ ಕೇಂದ್ರದ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳ ಪ್ರಕಾರವೂ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೀವಿನ್ನೂ ಮರಿ ತಂದಿಲ್ಲ ಅಂದರೆ ದಯವಿಟ್ಟು ತಾಯಿಯ ಹತ್ತಿರ ಎರಡು ತಿಂಗಳು ಇರಲು ಬಿಡಿ.

ಏನು ಕಲಿಸಬೇಕು, ಯಾವ ಕ್ರಮದಲ್ಲಿ

ಬಹಳ ಜನ ಮೊದಲ ದಿನವೇ "ಬಾಯಿ ಹಾಕಲೇಬಾರದು" ಅಂತ ಹೊರಡುತ್ತಾರೆ. ನನ್ನ ಅನುಭವದಲ್ಲಿ ಅದು ಆಗದ ಮಾತು. ಆಗಿದ್ದರೂ ಒಳ್ಳೆಯದಾಗುತ್ತಿರಲಿಲ್ಲ. ಮೊದಲು ಮರಿ ಮೆತ್ತಗೆ ಹಿಡಿಯುವುದನ್ನು ಕಲಿಯಬೇಕು. ಮೆತ್ತಗಾದ ಮೇಲೆ ಕಡಿಮೆ ಮಾಡುವುದು, ಕೊನೆಗೆ ಪೂರ್ತಿ ಬಿಡುವುದು.

ಈ ಕ್ರಮಕ್ಕೆ ಕಾರಣ ಇದೆ. ಎಂಥ ಶಾಂತ ನಾಯಿಗೂ ಒಂದು ಕೆಟ್ಟ ದಿನ ಬರುತ್ತದೆ. ಕತ್ತಲಲ್ಲಿ ಯಾರೋ ಬಾಲ ತುಳಿಯುತ್ತಾರೆ, ಕಾಲಿಗೆ ಗಾಯವಾದಾಗ ಯಾರೋ ಎತ್ತಲು ಹೋಗುತ್ತಾರೆ. ಆಗ ಅದು ತಿರುಗಿ ಬಾಯಿ ಹಾಕುತ್ತದೆ. ದವಡೆಯ ಬಲ ಹಿಡಿತದಲ್ಲಿಡಲು ಮರಿಯಿದ್ದಾಗ ಕಲಿತ ನಾಯಿ ಆದರೆ ಹಲ್ಲಿನ ಗುರುತು ಮಾತ್ರ ಬೀಳುವ ಸಾಧ್ಯತೆ ಜಾಸ್ತಿ. ಕಲಿಯದ ನಾಯಿ ಆದರೆ ಹೊಲಿಗೆ ಹಾಕಿಸಬೇಕಾಗಬಹುದು. ಹಾಗಾಗಿ ಮರಿ ಬಾಯಿ ಹಾಕುವ ಈ ನಾಲ್ಕೈದು ತಿಂಗಳು ಕಿರಿಕಿರಿ ಅನಿಸಿದರೂ ಕಲಿಸುವುದಕ್ಕೆ ಸಿಗುವ ಕಾಲ ಇದೇ.

ಹಂತ 1: ನಿದ್ದೆ ಸರಿ ಮಾಡಿ

ಪಾಠಕ್ಕಿಂತ ಮೊದಲು ನಿದ್ದೆ. ಎಳೆ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು. ನಮ್ಮ ಮನೆಯಲ್ಲಿ ಏನಾಗುತ್ತಿತ್ತು ಅಂದರೆ, ಮಗ ಶಾಲೆಯಿಂದ ಬಂದು ಎಬ್ಬಿಸುತ್ತಿದ್ದ, ಅವನ ಗೆಳೆಯರು ಬಂದು ಎತ್ತಿಕೊಳ್ಳುತ್ತಿದ್ದರು, ಆಮೇಲೆ ನೋಡಲು ಬಂದ ನೆಂಟರು. ಸಂಜೆ ಏಳರ ಹೊತ್ತಿಗೆ ಮೋತಿಗೆ ಹುಚ್ಚು ಹಿಡಿದ ಹಾಗೆ. ಪಡಸಾಲೆ ತುಂಬ ಸುತ್ತು ಹೊಡೆಯುತ್ತ ಸಿಕ್ಕವರ ಕಾಲು ಕಚ್ಚುವುದು. ಅದಕ್ಕೆ ಇನ್ನೂ ಆಟ ಬೇಕೇನೋ ಅಂದುಕೊಂಡು ನಾವು ಮತ್ತಷ್ಟು ಆಡಿಸುತ್ತಿದ್ದೆವು. ಅದಕ್ಕೆ ಬೇಕಾಗಿದ್ದದ್ದು ನಿದ್ದೆ. ನಿದ್ದೆಗೆಟ್ಟ ಕೂಸು ಅಳುತ್ತದೆ, ನಿದ್ದೆಗೆಟ್ಟ ಮರಿ ಕಚ್ಚುತ್ತದೆ.

ಒಂದು ಗಂಟೆ ಎಚ್ಚರ ಇದ್ದರೆ ಒಂದೂವರೆ ಎರಡು ಗಂಟೆ ಮಲಗಿಸಿ. ಜನ ಓಡಾಡದ ಮೂಲೆಯಲ್ಲಿ ಹಳೆಯ ಕೌದಿ ಹಾಸಿ, ಸುತ್ತ ಏನಾದರೂ ಅಡ್ಡ ಇಟ್ಟು ಅದಕ್ಕೊಂದು ಜಾಗ ಮಾಡಿಕೊಡಿ. ಅಲ್ಲಿ ಮಲಗಿದಾಗ ಮಕ್ಕಳು ಮುಟ್ಟಬಾರದು. ಆ ಜಾಗ ಶಿಕ್ಷೆಯ ಜಾಗವೂ ಆಗಬಾರದು. ನಾವು ಅಲ್ಲಿಗೆ ಕರೆದೊಯ್ಯುವಾಗಲೆಲ್ಲ ಒಂದು ರೊಟ್ಟಿ ಚೂರು ಹಾಕುತ್ತಿದ್ದೆವು. ನಾಲ್ಕು ದಿನಕ್ಕೇ ಸಂಜೆಯ ಕಾಟ ಅರ್ಧ ಇಳಿಯಿತು.

ನಮ್ಮ ಕಡೆ ಬೇಸಿಗೆಯ ಮಾತು ಬೇರೆ. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ ದೊಡ್ಡವರಿಗೇ ತಲೆ ಕೆಡುತ್ತದೆ, ಮರಿಯ ಗತಿ ಏನು? ಆಟ, ಪಾಠ ಎಲ್ಲ ಬೆಳಿಗ್ಗೆ ಎಂಟರೊಳಗೆ, ಸಂಜೆ ಬಿಸಿಲು ಇಳಿದ ಮೇಲೆ. ನೀರಿನ ಬಟ್ಟಲು ಯಾವಾಗಲೂ ತುಂಬಿರಲಿ.

ಹಂತ 2: ಕಚ್ಚಲು ಏನಾದರೂ ಕೊಡಿ

"ಇದು ಬೇಡ" ಅಂದರೆ ಸಾಲದು. "ಇದು ನಿನ್ನದು" ಅಂತ ಒಂದು ಕೈಗೆ, ಅಂದರೆ ಬಾಯಿಗೆ ಕೊಡಬೇಕು. ಅಂಗಡಿಯ ಆಟಿಕೆಯೇ ಬೇಕು ಅಂತಿಲ್ಲ. ಹಳೆಯ ಹತ್ತಿ ಸೀರೆಯನ್ನು ಉದ್ದಕ್ಕೆ ಹರಿದು, ಮೂರು ಎಳೆ ಮಾಡಿ ಜಡೆ ಹೆಣೆಯಿರಿ, ಎರಡೂ ತುದಿಗೆ ಬಿಗಿಯಾಗಿ ಗಂಟು ಹಾಕಿ. ಮೋತಿಯ ಮೊದಲ ಆಟಿಕೆ ಇದೇ. ಹಲ್ಲು ಬೀಳುವ ಸಮಯದಲ್ಲಿ ಇದನ್ನೇ ನೀರಲ್ಲಿ ಅದ್ದಿ, ಹಿಂಡಿ, ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಎರಡು ಗಂಟೆ ಇಟ್ಟು ಕೊಟ್ಟರೆ ವಸಡಿಗೆ ತಂಪು. ತಣ್ಣಗಿನ ದಪ್ಪ ಗಜ್ಜರಿಯನ್ನೂ ಕೊಡಬಹುದು, ನೀವು ಎದುರಿಗೆ ಕೂತಿರಬೇಕು ಅಷ್ಟೆ. ಎಳೆ ಬಿಚ್ಚಿದ ಬಟ್ಟೆ, ಚೂರಾದ ಆಟಿಕೆ ಕಂಡ ಕೂಡಲೇ ತೆಗೆದುಬಿಡಿ, ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ.

ಕೊಡಬಾರದ್ದೂ ಇದೆ. ಹಳೆಯ ಚಪ್ಪಲಿ ಬೇಡ. ಹಳೆಯದು ಯಾವುದು, ಹಬ್ಬಕ್ಕೆ ತಂದದ್ದು ಯಾವುದು ಅಂತ ಮರಿಗೆ ಹೇಗೆ ಗೊತ್ತಾಗಬೇಕು? ಬೇಯಿಸಿದ ಎಲುಬು ಬೇಡ, ಚೂಪಾಗಿ ಸೀಳಿ ಒಳಗೆ ಚುಚ್ಚುತ್ತದೆ. ಗೋವಿನಜೋಳದ ಕಾಳು ತಿಂದು ಬಿಟ್ಟ ದಂಡು ಬೇಡವೇ ಬೇಡ, ತುಂಡು ನುಂಗಿದರೆ ಕರುಳು ಕಟ್ಟಿ ಆಪರೇಷನ್ ಆಗಬೇಕಾಗುತ್ತದೆ. ನಿಮ್ಮ ಉಗುರು ಒತ್ತಿದರೂ ಗುರುತು ಬೀಳದಷ್ಟು ಗಟ್ಟಿ ಇರುವ ವಸ್ತು ಎಳೆ ಹಲ್ಲಿಗೆ ಬೇಡ.

ಪಾಠದ ವೇಳೆ ಕೊಡುವ ತಿನಿಸಿಗೂ ಇಲ್ಲೇ ಒಂದು ಮಾತು. ಖಾರ, ಉಪ್ಪು ಇಲ್ಲದ ರೊಟ್ಟಿಯ ಚೂರು, ಬೇಯಿಸಿದ ತತ್ತಿ, ಬರೀ ನೀರಲ್ಲಿ ಕುದಿಸಿದ ಕೋಳಿ ಸಾಕು. ಕಡಲೆಕಾಳಿನಷ್ಟು ಚೂರು. ವಿಜಯಪುರ ಕಡೆಯ ನೆಂಟರಿದ್ದರೆ ಮನೆಯಲ್ಲಿ ಒಣದ್ರಾಕ್ಷಿಯ ಡಬ್ಬಿ ಇದ್ದೇ ಇರುತ್ತದೆ, ಅಲ್ವಾ? ನಮ್ಮಲ್ಲೂ ಇದೆ. ಮಕ್ಕಳು ಮುದ್ದಿಗೆ ನಾಲ್ಕು ಕಾಳು ಹಾಕಿಬಿಡುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿ ಕೆಡಿಸುತ್ತವೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಾಕೊಲೇಟ್ ಕೂಡ ನಾಯಿಗೆ ವಿಷ. ಡಬ್ಬಿ ಮೇಲಿನ ಶೆಲ್ಫಿಗೆ ಇಡಿ.

ಹಂತ 3: ನೆಲದ ಮೇಲೆ ಕೂತು ಕಲಿಸುವ ಪಾಠ

ಇದೇ ಮುಖ್ಯ ಪಾಠ. ದಿನಕ್ಕೆ ಮೂರು ಸಲ, ಪ್ರತಿ ಸಲ ಐದು ನಿಮಿಷ. ಮರಿ ನಿದ್ದೆ ಮುಗಿಸಿ, ಹೊರಗೆ ಹೋಗಿ ಬಂದು, ಹೊಟ್ಟೆಗೆ ಸ್ವಲ್ಪ ಬಿದ್ದ ಮೇಲೆ ಶುರು ಮಾಡಿ. ಹಸಿದ ಮರಿ ಕಲಿಯುವುದಿಲ್ಲ.

ಬಾಗಿಲ ಹತ್ತಿರ ನೆಲದ ಮೇಲೆ ಕೂಡಿ. ಒಂದು ಕೈಯಲ್ಲಿ ಹೆಣೆದ ಬಟ್ಟೆ ಹಿಡಿದು ನೆಲದ ಮೇಲೆ ಹಾವಿನ ಹಾಗೆ ಹರಿದಾಡಿಸಿ. ಮರಿ ಹಿಡಿಯುತ್ತದೆ, ಎಳೆಯುತ್ತದೆ, ನೀವೂ ಮೆಲ್ಲಗೆ ಎಳೆಯಿರಿ. ಖುಷಿಯಿಂದ ಆಡಿಸಿ. ಆಡುತ್ತಾ ಆಡುತ್ತಾ ಹಲ್ಲು ನಿಮ್ಮ ಕೈಗೆ ತಾಗುತ್ತದೆ. ಹಗುರವಾಗಿ ತಾಗಿದರೆ ಮೊದಲ ವಾರ ಬಿಟ್ಟುಬಿಡಿ. ನೋವಾಗುವಷ್ಟು ತಾಗಿದರೆ ಆ ಕ್ಷಣವೇ "ಅಯ್ಯ" ಅನ್ನಿ. ಕೂಗಬೇಡಿ, ಸಾಮಾನ್ಯ ದನಿ ಸಾಕು. ಕೈಯನ್ನು ಸಡಿಲ ಬಿಡಿ. ಇಲ್ಲೇ ನಾವೆಲ್ಲ ತಪ್ಪುವುದು. ನೋವಾದ ಕೂಡಲೇ ಕೈ ತನ್ನಿಂದ ತಾನೇ ಹಿಂದಕ್ಕೆ ಬರುತ್ತದೆ. ಆದರೆ ಓಡುವ ವಸ್ತು ಕಂಡರೆ ಮರಿ ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಚರ್ಮವೂ ಹರಿಯುತ್ತದೆ. ಸತ್ತ ಕೈಯಲ್ಲಿ ಅದಕ್ಕೆ ಮಜಾ ಇಲ್ಲ.

ಬಿಟ್ಟ ಕೂಡಲೇ ಮುಖ ಆಚೆ ತಿರುಗಿಸಿ, ಹತ್ತು ಎಣಿಸಿ. ನೋಡಬೇಡಿ, ಮಾತಾಡಬೇಡಿ. ಹತ್ತು ಆದ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಬಟ್ಟೆ ಹಿಡಿದು ಮತ್ತೆ ಆಟ. ಮತ್ತೆ ಜೋರಾಗಿ ಕಚ್ಚಿತಾ? ಮತ್ತೆ "ಅಯ್ಯ", ಮತ್ತೆ ಹತ್ತು. ಮೂರನೇ ಸಲವೂ ಕಚ್ಚಿದರೆ ನೀವೇ ಎದ್ದು ಬಾಗಿಲಾಚೆ ಹೋಗಿ. 20ರಿಂದ 30 ಸೆಕೆಂಡು ಸಾಕು. ಮರಿಯನ್ನು ಎತ್ತಿ ಎಸೆಯುವುದು, ಕತ್ತು ಹಿಡಿದು ಹೊರಗೆ ಹಾಕುವುದು ಬೇಡ. ನೀವು ಹೋಗಬೇಕು. ಒಡಹುಟ್ಟಿದ ಮರಿ ಆಟ ಬಿಟ್ಟು ಹೋಗುತ್ತಿತ್ತಲ್ಲ, ಹಾಗೆ. ಐದು ನಿಮಿಷ, ಹತ್ತು ನಿಮಿಷ ಹೊರಗೆ ನಿಂತರೆ ಯಾಕೆ ಹೋದಿರಿ ಅನ್ನೋದು ಅದಕ್ಕೆ ಮರೆತೇ ಹೋಗುತ್ತದೆ.

ಮರಿಯ ಹಾಗೆಯೇ ಕುಂಯ್ ಅಂತ ಕಿರುಚಬೇಕು ಅಂತ ಕೆಲವರು ಹೇಳುತ್ತಾರೆ. ಕೆಲವು ಮರಿಗಳಿಗೆ ಅದು ಹತ್ತುತ್ತದೆ. ಮೋತಿಗೆ ಹತ್ತಲಿಲ್ಲ, ಕಿರುಚಿದಷ್ಟೂ ಅದಕ್ಕೆ ಹುರುಪು ಬರುತ್ತಿತ್ತು. ಎರಡು ದಿನ ಮಾಡಿ ನೋಡಿ, ನಿಮ್ಮ ಮರಿ ಹಿಂದೆ ಸರಿಯುತ್ತದಾ, ಇನ್ನೂ ಮೇಲೆ ಬೀಳುತ್ತದಾ ಅಂತ. ಮೇಲೆ ಬಿದ್ದರೆ ಬಿಟ್ಟುಬಿಡಿ, ಸುಮ್ನೆ ಎದ್ದು ಹೋಗುವುದೇ ಸಾಕು.

ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ಪಾಠ ಶುರುವಾಗಿ ಒಂಬತ್ತನೇ ದಿನ. ಬಟ್ಟೆ ಎಳೆಯುತ್ತ ಮೋತಿಯ ಬಾಯಿ ಜಾರಿ ನನ್ನ ಮುಂಗೈ ಮೇಲೆ ಬಂತು. ಹಲ್ಲು ಚರ್ಮಕ್ಕೆ ತಾಗಿದವು. ನಾನು "ಅಯ್ಯ" ಅನ್ನುವ ಮೊದಲೇ ಅದು ನಿಂತಿತು. ದವಡೆ ತೆರೆದೇ ಇತ್ತು, ಉಸಿರು ಬಿಸಿಯಾಗಿ ಕೈಗೆ ತಾಗುತ್ತಿತ್ತು. ಕಣ್ಣು ಮೇಲೆತ್ತಿ ನನ್ನನ್ನು ನೋಡಿತು. ಆಮೇಲೆ ಮೆಲ್ಲಗೆ ಬಾಯಿ ತೆಗೆದು ಪಕ್ಕದ ಬಟ್ಟೆಯನ್ನು ಹಿಡಿಯಿತು. ನನಗೆ ಕಣ್ಣು ತುಂಬಿ ಬಂತು. ಒಂದು ಏಟೂ ಇಲ್ಲದೆ ಅದು ತಾನೇ ಯೋಚಿಸಿ ಬಿಟ್ಟಿತ್ತು.

ಜೋರಾದ ಕಡಿತ ನಿಂತ ಮೇಲೆ ಗೆರೆಯನ್ನು ಬಿಗಿ ಮಾಡುತ್ತ ಹೋಗಿ. ಎರಡನೇ ಹಂತದಲ್ಲಿ ನಡುಮಟ್ಟದ ಕಡಿತಕ್ಕೂ ಆಟ ನಿಲ್ಲಬೇಕು. ಕೊನೆಗೆ ಹಲ್ಲು ತಾಗಿದರೇ ಆಟ ನಿಲ್ಲಬೇಕು. ನಮಗೆ ಇಷ್ಟಕ್ಕೆ ಸುಮಾರು ಎರಡು ತಿಂಗಳು ಹಿಡಿಯಿತು. ನಡುವೆ ಹಲ್ಲು ಬೀಳುವ ಹೊತ್ತಿನಲ್ಲಿ ಹತ್ತು ದಿನ ಎಲ್ಲ ಮರೆತ ಹಾಗೆ ಮಾಡಿತು. ಆಗ ಕೈ ಬಿಡಬೇಡಿ, ಅದೇ ಪಾಠ ಮುಂದುವರಿಸಿ.

ಹಂತ 4: "ಬಿಡು" ಅನ್ನೋ ಮಾತು

ಇದು ಸುಲಭ. ಮರಿಯ ಬಾಯಲ್ಲಿ ಬಟ್ಟೆ ಇರುವಾಗ ಎಳೆಯುವುದನ್ನು ನಿಲ್ಲಿಸಿ. ಒಂದು ಸಲ "ಬಿಡು" ಅನ್ನಿ. ಮೂಗಿನ ಹತ್ತಿರ ತತ್ತಿಯ ಚೂರು ಹಿಡಿಯಿರಿ. ಅದು ಬಟ್ಟೆ ಬಿಟ್ಟ ಕೂಡಲೇ "ಶಾಣ್ಯಾ" ಅಂತ ಹೊಗಳಿ, ಚೂರು ಕೊಡಿ, ಬಟ್ಟೆಯನ್ನೂ ಮತ್ತೆ ಅದಕ್ಕೇ ಕೊಡಿ. ಬಿಟ್ಟರೆ ಕಳೆದುಕೊಳ್ಳುತ್ತೇನೆ ಅನ್ನೋ ಭಯ ಅದಕ್ಕೆ ಇರಬಾರದು. ಒಂದು ವಾರಕ್ಕೆ ಚೂರು ತೋರಿಸದೆಯೇ ಬಿಡುತ್ತದೆ.

ಹಂತ 5: ಸೆರಗು, ಪೈಜಾಮ, ಓಡುವ ಕಾಲು

ಮುಧೋಳ ನಾಯಿ ಕಣ್ಣಿನ ಬೇಟೆಗಾರ. ವಾಸನೆಗಿಂತ ಹೆಚ್ಚಾಗಿ ದೂರದಲ್ಲಿ ಅಲ್ಲಾಡುವುದನ್ನು ಕಂಡು ಬೆನ್ನಟ್ಟುವ ತಳಿ. ಹೊಲದಲ್ಲಿ ಮೊಲದ ಬೆನ್ನು ಹತ್ತಿದ ನಾಯಿಯ ವಂಶ ಅದು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು, ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವೂ ಇದೆ. ಇಂಥ ಮರಿಯ ಮುಂದೆ ಸೆರಗು ಅಲ್ಲಾಡಿಸಿಕೊಂಡು ಅವ್ವ ನಡೆದರೆ ಅದರ ಕಣ್ಣಿಗೆ ಅದೂ ಒಂದು ಬೇಟೆಯೇ. ಅವ್ವ "ಬಿಡ ಕುನ್ನಿ, ಬಿಡ!" ಅಂತ ಕೂಗಿ ಎಳೆದಷ್ಟೂ ಬಾಲ ಜೋರಾಗಿ ಆಡುತ್ತಿತ್ತು.

ಸೆರಗು ಹಿಡಿದಾಗ ಎಳೆಯಬೇಡಿ, ನಿಂತುಬಿಡಿ. ಬಟ್ಟೆ ಅಲುಗಾಡದಿದ್ದರೆ ಅದರ ಆಸೆ ಅರ್ಧ ಹೋಗುತ್ತದೆ. ಆಮೇಲೆ "ಬಿಡು" ಅಂದು ಅದರ ಸ್ವಂತ ಆಟಿಕೆ ಮುಂದೆ ಹಿಡಿಯಿರಿ. ಅವ್ವ ಒಂದು ಉಪಾಯ ಮಾಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಸೀರೆ ಜಡೆಯನ್ನು ಹಿಡಿದು ನೆಲಕ್ಕೆ ಎಳೆದುಕೊಂಡು ಓಡಾಡತೊಡಗಿದಳು. ಮೋತಿ ಅದರ ಬೆನ್ನು ಹತ್ತಿತು, ಕಾಲು ಬಿಟ್ಟಿತು. ತೀರಾ ಕಾಟ ಕೊಡುವ ಮರಿಯಾದರೆ ಮನೆಯೊಳಗೇ ಹಗುರವಾದ ಹಗ್ಗ ಕಟ್ಟಿ ನೆಲಕ್ಕೆ ಬಿಡಿ, ನೀವು ಎದುರಿಗೆ ಇರುವಾಗ ಮಾತ್ರ. ಕಾಲಿಗೆ ಬಂದಾಗ ಹಗ್ಗ ಹಿಡಿದು ನಿಲ್ಲಿಸಬಹುದು, ಮೈ ಹಿಡಿದು ಎಳೆದಾಡುವ ಕೆಲಸ ಇಲ್ಲ.

ಹಂತ 6: ಮಕ್ಕಳಿಗೆ "ಬೇವಿನ ಗಿಡ"

ಮಕ್ಕಳು ಕಿರುಚುತ್ತಾರೆ, ಕೈ ಬೀಸುತ್ತಾರೆ, ಓಡುತ್ತಾರೆ. ಮರಿಗೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ. ಹಾಗಾಗಿ ಮರಿಗೆ ಕಲಿಸುವ ಮೊದಲು ಮಕ್ಕಳಿಗೆ ಕಲಿಸಬೇಕು. ನನ್ನ ಮಗನಿಗೆ ಹೇಳಿದ್ದು ಒಂದೇ: "ಮೋತಿ ಮೈಮೇಲೆ ಬಂದ್ರ ಬೇವಿನ ಗಿಡ ಆಗು." ಕಾಲು ಜೋಡಿಸಿ ನಿಲ್ಲಬೇಕು, ಕೈ ಎದೆಗೆ ಕಟ್ಟಬೇಕು, ಮುಖ ಮೇಲೆ, ಬಾಯಿ ಮುಚ್ಚಿರಬೇಕು. ಮರಿ ಇಲ್ಲದಾಗಲೇ ಅಂಗಳದಲ್ಲಿ ಹತ್ತು ಸಲ ಆಟದ ಹಾಗೆ ಮಾಡಿಸಿದೆ. ಅವನ ಗೆಳೆಯರೂ ಕಲಿತರು. ಈಗಲೂ ಯಾವುದಾದರೂ ನಾಯಿ ಕಂಡರೆ ಓಣಿಯ ಹುಡುಗರು "ಗಿಡ ಆಗ್ರೋ!" ಅಂತಾರೆ. ಬೀದಿ ನಾಯಿ ಹತ್ತಿರ ಬಂದಾಗಲೂ ಓಡುವುದಕ್ಕಿಂತ ಹೀಗೆ ನಿಲ್ಲುವುದೇ ಕ್ಷೇಮ.

ಚಿಕ್ಕ ಮಕ್ಕಳನ್ನೂ ಮರಿಯನ್ನೂ ದೊಡ್ಡವರು ಯಾರೂ ಇಲ್ಲದ ಕೋಣೆಯಲ್ಲಿ ಬಿಡಬೇಡಿ, ಎರಡು ನಿಮಿಷಕ್ಕೂ ಬೇಡ. ಊಟ ಮಾಡುವ ಮರಿಯನ್ನು, ಮಲಗಿದ ಮರಿಯನ್ನು ಮುಟ್ಟುವುದು ಬೇಡ.

ಹಂತ 7: ಮನೆಯವರೆಲ್ಲ ಒಂದೇ ಮಾತು

ನಾನು "ಬಿಡು" ಅನ್ನುತ್ತಿದ್ದೆ, ಯಜಮಾನರು "ನೋ", ಅವ್ವ "ಹಚಾ". ಮರಿ ಯಾವುದನ್ನು ಕಲಿಯಬೇಕು? ಒಂದು ರಾತ್ರಿ ಊಟಕ್ಕೆ ಕೂತಾಗ ಎಲ್ಲರೂ "ಬಿಡು" ಅನ್ನೋಣ ಅಂತ ಮಾತಾಡಿಕೊಂಡೆವು. ಇನ್ನೊಂದು ನಿಯಮ: ಕೈ ಆಟಿಕೆ ಅಲ್ಲ. ಯಾರೂ ಬೆರಳು ಆಡಿಸಿ ಕೆಣಕಬಾರದು.

ಇದನ್ನು ಒಪ್ಪಿಸುವುದೇ ಕಷ್ಟ ಆಯಿತು. ಬಾದಾಮಿಯಿಂದ ಬಂದ ನಮ್ಮಣ್ಣ ಮೋತಿಯ ಮುಖಕ್ಕೆ ಅಂಗೈ ತಟ್ಟಿ ತಟ್ಟಿ ಕೆಣಕಿದ. "ಸ್ವಲ್ಪ ಕೆಣಕಬೇಕ ತಂಗೀ, ಇಲ್ಲಾಂದ್ರ ಕಾವಲಿಗೆ ಬರೂದಿಲ್ಲ" ಅಂದ. ಈ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಆದರೆ ಕೆಣಕಿದ ಮರಿ ಕಲಿಯುವುದು ಕೈ ಬಂದರೆ ಕಚ್ಚಬೇಕು ಅಂತ. ಆ ಕೈ ಕಳ್ಳನದೋ, ಪಕ್ಕದ ಮನೆಯ ಕೂಸಿನದೋ ಅದಕ್ಕೆ ಬೇಕಿಲ್ಲ. ಬೆಳೆದ ಮೇಲೆ ಅಪರಿಚಿತರು ಬಂದರೆ ಬೊಗಳುವುದನ್ನು ನಾಯಿಗಳು ತಾವೇ ಕಲಿಯುತ್ತವೆ. ಮೋತಿ ಈಗ ಗೇಟಿನ ಸದ್ದಿಗೇ ಎದ್ದು ಬೊಗಳುತ್ತದೆ, ಯಾರೂ ಕೆಣಕಿ ಕಲಿಸಿದ್ದಲ್ಲ. ಅಣ್ಣನಿಗೆ ನಾನು ಜಗಳ ಮಾಡಿಯೇ ಹೇಳಿದೆ. ಮುಂದಿನ ಸಲ ಬಂದಾಗ ಜೇಬಿನಲ್ಲಿ ರೊಟ್ಟಿ ತುಂಡು ಇಟ್ಟುಕೊಂಡು ಬಂದ.

ಹೊಡೆಯುವುದು, ಮೂಗಿಗೆ ಚಿಟಿಕೆ ಹೊಡೆಯುವುದು, ಬಾಯಿ ಹಿಡಿದು ಮುಚ್ಚುವುದು, ಅಂಗಾತ ಕೆಡವಿ ಒತ್ತುವುದು, ಕೈಗೆ ಖಾರದ ಪುಡಿ ಸವರುವುದು, ಇವು ಯಾವುದೂ ಬೇಡ. ಹೊಡೆತಕ್ಕೆ ಮರಿ ಆ ಗಳಿಗೆಗೆ ಹಿಂದೆ ಸರಿಯಬಹುದು, ಆದರೆ ಕೈ ಅಂದರೆ ಅಂಜತೊಡಗುತ್ತದೆ. ಅಂಜಿದ ನಾಯಿಯೇ ನಿಜವಾಗಿ ಕಚ್ಚುವ ನಾಯಿ. ಗುರ್ ಅಂದರೂ ಹೊಡೆಯಬೇಡಿ. ಗುರ್ ಅನ್ನೋದು ಅದರ ಎಚ್ಚರಿಕೆ. ಹೊಡೆದು ಅದನ್ನು ಬಿಡಿಸಿದರೆ ಮುಂದೆ ಎಚ್ಚರಿಸದೆ ಕಚ್ಚುತ್ತದೆ.

ಹಲ್ಲು ತಾಗಿ ಗಾಯ ಆದರೆ

ಇಲ್ಲಿ ಸಡಿಲ ಬಿಡಬೇಡಿ. ಮರಿ ಚಿಕ್ಕದು, ಅದಕ್ಕೇನು ರೇಬಿಸ್ ಇರುತ್ತದೆ ಅಂದುಕೊಳ್ಳಬೇಡಿ. ಮರಿಗಳಿಗೂ ಬರುತ್ತದೆ. ಬಂದರೆ ಮನುಷ್ಯರಿಗೆ ಮದ್ದಿಲ್ಲ. ಚರ್ಮ ತರಚಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರ, ಅರಿಶಿನ ಏನನ್ನೂ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಮರಿಗೆ ಲಸಿಕೆ ಆಗಿದೆಯೋ ಇಲ್ಲವೋ ಹೇಳಿ. ಡಾಕ್ಟರ್ ಇಂಜೆಕ್ಷನ್ ಶುರು ಮಾಡಿದರೆ ಅವರು ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸಬೇಡಿ. ನನ್ನ ಹೆಬ್ಬೆರಳಿಗೆ ಗಾಯ ಆದಾಗ ನಾನೂ ಎಲ್ಲ ಇಂಜೆಕ್ಷನ್ ಮುಗಿಸಿದೆ.

ಮರಿಗೆ 6ರಿಂದ 8 ವಾರದಲ್ಲಿ ಪಾರ್ವೊ, ಡಿಸ್ಟೆಂಪರ್ ಅನ್ನೋ ರೋಗಗಳ ಲಸಿಕೆ ಶುರುವಾಗುತ್ತದೆ, ಆಮೇಲೆ ಕೆಲವು ವಾರಕ್ಕೊಮ್ಮೆ ಮತ್ತೆ ಕೊಡುತ್ತಾರೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಕಾರ್ಡಿನಲ್ಲಿ ತಾರೀಖು ಬರೆಸಿಕೊಳ್ಳಿ.

ಹಂತ 8: ಮುಟ್ಟುವುದಕ್ಕೆ ಒಗ್ಗಿಸಿ, ಆಮೇಲೂ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ

ಮುಧೋಳ ತಳಿಯ ನಾಯಿಗಳಿಗೆ ಹೊರಗಿನವರು ಮೈ ಮುಟ್ಟುವುದು ಅಷ್ಟಾಗಿ ಹಿಡಿಸುವುದಿಲ್ಲ. ಅದಕ್ಕೇ ಚಿಕ್ಕಂದಿನಿಂದ ಒಗ್ಗಿಸಬೇಕು. ದಿನಾ ರಾತ್ರಿ, ಅರೆನಿದ್ದೆಯಲ್ಲಿ ಸಡಿಲಾಗಿ ಬಿದ್ದಿರುವಾಗ, ಕಿವಿ ಮುಟ್ಟಿ, ಒಂದು ಚೂರು ಕೊಡಿ. ಪಾದ ಹಿಡಿಯಿರಿ, ಒಂದು ಚೂರು. ತುಟಿ ಎತ್ತಿ ಹಲ್ಲು ನೋಡಿ, ಒಂದು ಚೂರು. ಎರಡೇ ನಿಮಿಷ. ಅದು ಮುಖ ತಿರುಗಿಸಿದರೆ ಅಲ್ಲಿಗೇ ನಿಲ್ಲಿಸಿ.

ಹೀಗೆಲ್ಲ ಮಾಡಿದರೂ ಮೈ ಬಿಗಿ ಮಾಡಿ, ಕಣ್ಣು ನೆಟ್ಟು ಕಚ್ಚುತ್ತಿದ್ದರೆ, ಊಟದ ತಟ್ಟೆ ಹತ್ತಿರ ಹೋದಾಗಲೆಲ್ಲ ಗುರ್ ಅಂದರೆ, ಒಂದೇ ಜಾಗ ಮುಟ್ಟಿದಾಗ ಮಾತ್ರ ಕಚ್ಚಿದರೆ, ಅದು ಆಟ ಅಲ್ಲ. ಭಯ ಇರಬಹುದು, ಎಲ್ಲೋ ನೋವು ಇರಬಹುದು. ಪಶು ಆಸ್ಪತ್ರೆಗೆ ಕರೆದೊಯ್ಯಿರಿ. 7 ತಿಂಗಳಾದರೂ ಹಾಲುಹಲ್ಲು ಬೀಳದೆ ಪಕ್ಕದಲ್ಲೇ ಹೊಸ ಹಲ್ಲು ಬಂದಿದ್ದರೂ ತೋರಿಸಿ, ಅದನ್ನು ಕೀಳಿಸಬೇಕಾಗಬಹುದು.

ಕಳೆದ ವಾರ ಮೋತಿಯನ್ನು ಅದಕ್ಕೇ ಕರೆದೊಯ್ದಿದ್ದೆವು. ಅವ್ವನೂ ಬಂದಿದ್ದಳು. ಡಾಕ್ಟರ್ ಬಾಯಿಗೆ ಪಟ್ಟಿ ಕಟ್ಟಲು ಕೈಗೆತ್ತಿಕೊಂಡರು. "ಬ್ಯಾಡ್ರಿ, ಅದು ಸುಮ್ನ ತೋರಸ್ತೈತಿ" ಅಂದಳು ಅವ್ವ, ಮತ್ತೆ ಕತ್ತಿನ ಹತ್ತಿರ ಕೈ ಇಟ್ಟಳು. ಡಾಕ್ಟರ್ ಬೆರಳಿನಿಂದ ತುಟಿ ಎತ್ತಿದರು, ಒಂದು ಬದಿ ನೋಡಿ ಇನ್ನೊಂದು ಬದಿ ನೋಡಿದರು. ಮೋತಿ ಒಮ್ಮೆ ನಾಲಿಗೆ ಚಾಚಿ ಅವರ ಬೆರಳು ನೆಕ್ಕಿತು.

"ಹಾಲ್ಹಲ್ಲು ಒಂದೂ ಉಳದಿಲ್ರಿ. ಎಲ್ಲಾ ಹೊಸಾವು ಬಂದಾವ" ಅಂದರು. ಅವ್ವ ಸೆರಗಿನ ಗಂಟು ಬಿಚ್ಚಿ ರೊಟ್ಟಿಯ ಚೂರು ತೆಗೆದಳು.